ಬಹಿಜಾಳ ಸೊಟ್ಟ ಯೂಯೂ

ಫೆಸ್ ಪಟ್ಟಣದ ನಮ್ಮ ಓಣಿಯಲ್ಲಿ ಬಚ್ಚಿಟ್ಟುಕೊಳ್ಳಲು ಬರದ ಮಕ್ಕಳಿಲ್ಲ. ಹುಡುಕಲು ಬರದವಳು ಮಾತ್ರ ಒಬ್ಬಳಿದ್ದಳು, ನನ್ನ ಅಕ್ಕನ ಮಗಳು ಬಹಿಜಾ. ರಜೆ ಶುರುವಾದಾಗಿನಿಂದ ಅಂಗಳದ ಕಂಬಕ್ಕೆ ಮುಖ ಒತ್ತಿ ಕಣ್ಣು ಮುಚ್ಚಿದವಳು ಅವಳೊಬ್ಬಳೇ. ನೋಡಿ ನೋಡಿ ನನಗೇ ಮೈ ಉರಿಯುತ್ತಿತ್ತು.

ಆವತ್ತು ಅವಳ ಅಣ್ಣ ಜವಾದ್ ತೀರ್ಪು ಕೊಟ್ಟ. "ನೋಡೇ, ಓಣಿಯವರೆಲ್ಲರ ಒಲೆಗೆ ಸುಡೋಕೆ ಕಳಿಸಿದ ರೊಟ್ಟಿ ವಾಪಸ್ ಬರೋದ್ರೊಳಗೆ ಒಬ್ಬರನ್ನಾದ್ರೂ ಹಿಡಿ. ಇಲ್ಲಾಂದ್ರೆ ನಾಳೆಯಿಂದ ನೀನು ಆಟಕ್ಕಿಲ್ಲ."

"ನಾನೂ ಆಡ್ತೀನಿ ಕಣೋ," ಎಂದಳು ನನ್ನ ಅಮ್ಮ, ಈ ಮಕ್ಕಳ ಅಜ್ಜಿ ಲಲ್ಲಾ ಘೀತಾ. ಬೆಳಗಿನಿಂದ ಮಂಡಿನೋವೆಂದು ನರಳುತ್ತಿದ್ದವಳು ಚಪ್ಪಲಿ ಕೈಯಲ್ಲಿ ಹಿಡಿದು ಮಾಯವಾದಳು.

ಮಕ್ಕಳೆಲ್ಲ ಒಬ್ಬೊಬ್ಬರಾಗಿ ಓಡಿಬಂದು ಕಂಬ ಮುಟ್ಟಿದರು. ಉಳಿದವಳು ಅಜ್ಜಿ ಒಬ್ಬಳೇ. ಬಹಿಜಾ ಮಹಡಿ, ಅಡುಗೆಮನೆ, ಬಾವಿಕಟ್ಟೆ ಎಲ್ಲ ಜಾಲಾಡಿದಳು. ಅಷ್ಟರಲ್ಲಿ ರೊಟ್ಟಿಯ ವಾಸನೆ ಓಣಿಯೊಳಗೆ ಬಂತು. ಮಗುವಿನ ತುಟಿ ನಡುಗಿತು.

ಅವಳು ಮೂಗು ಒರೆಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ನಾಲಿಗೆ ಹೊರಳಿಸಿ ಮದುವೆಮನೆಯಲ್ಲಿ ಹೆಂಗಸರು ಕೂಗುವ ಯೂಯೂ ಹಾಕಿದಳು. ತುಳಿಸಿಕೊಂಡ ಕೋಳಿಮರಿಯ ಕೂಗಿನಂತಿತ್ತು ಅದು. ಆದರೆ ಯೂಯೂ ಯೂಯೂವೇ. ಅದನ್ನು ಒಂಟಿಯಾಗಿ ಬಿಟ್ಟರೆ ಮದುಮಗಳಿಗೆ ಒಳ್ಳೆಯದಲ್ಲವೆಂದು ನಮ್ಮಲ್ಲಿ ಯಾವ ಹೆಂಗಸೂ ಉತ್ತರ ಕೊಡದೆ ಇರುವುದಿಲ್ಲ. ಹಾಸಿಗೆಗೆ ತುಂಬಲು ತೊಳೆದು ಒಣಗಿಸಿದ್ದ ಉಣ್ಣೆಯ ರಾಶಿಯೊಳಗಿಂದ ಅಮ್ಮನ ಯೂಯೂ ಎದ್ದಿತು. ಹಿಂದೆಯೇ ಅಕ್ಕಪಕ್ಕದ ಕಿಟಕಿಗಳೆಲ್ಲ ದನಿಗೂಡಿಸಿದವು.

"ಅಜ್ಜಿ ಸಿಕ್ಕಿದ್ಲು," ಎಂದು ಬಹಿಜಾ ಕಂಬ ತಬ್ಬಿಕೊಂಡಳು. ರೊಟ್ಟಿ ಹೊತ್ತ ಹಲಗೆ ಆಗ ತಾನೇ ಹೊಸ್ತಿಲು ದಾಟುತ್ತಿತ್ತು.

"ಇದು ಮೋಸ," ಎಂದ ಜವಾದ್.

"ಏನು ಮೋಸ? ಯೂಯೂ ಕೇಳಿಯೂ ಸುಮ್ಮನಿರೋಕೆ ನಾನೇನು ಗಂಡಸಾ?" ಅಮ್ಮ ತಲೆಯ ಉಣ್ಣೆ ಕೊಡವಿಕೊಂಡಳು.

ನೆರೆಯವರು ಬಾಗಿಲಲ್ಲಿ ಮುತ್ತಿದರು. "ಯಾರ ಮದುವೆ ಲಲ್ಲಾ, ನಮಗೆ ಹೇಳೇ ಇಲ್ವಲ್ಲ?"

"ಮದುವೆಯೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಬಹಿಜಾ ಗೆದ್ದಳು. ಬಿಸಿ ರೊಟ್ಟಿ ಇದೆ, ಚಹಾ ಕುಡಿದು ಹೋಗಿ." ಅವರು ಬಹಿಜಾಳಿಗೇ ಇನ್ನೊಂದು ಸುತ್ತು ಯೂಯೂ ಹಾಕಿದರು. ನನಗಂತೂ ಖುಷಿಗೆ ಕಣ್ಣು ತುಂಬಿತು.

ಸಿಕ್ಕಿಬಿದ್ದ ಅಮ್ಮ ಈಗ ಕಂಬಕ್ಕೆ ಮುಖ ಒತ್ತಿದಳು. ಆ ರಜೆಯಲ್ಲಿ ಮೊದಲ ಸಲ ಬಚ್ಚಿಟ್ಟುಕೊಳ್ಳುವ ಸರದಿ ಬಹಿಜಾಳದು. ಅವಳು ಓಡಿಬಂದು ನನ್ನ ನಿಲುವಂಗಿಯ ಹಿಂದೆ ಅಡಗಿದಳು.

"ಚಿಕ್ಕಮ್ಮ," ಎಂದು ಪಿಸುಗುಟ್ಟಿದಳು, "ಅಜ್ಜಿ ಯೂಯೂ ಹಾಕಿದ್ರೆ ನನ್ನ ಬಾಯಿ ಮುಚ್ಚಿಬಿಡು."