ಕೆನ್ನೆಯ ನೀಲಿ ಗೆರೆ

ಮೀನು ಮತ್ತೆ ಕಲ್ಲಿನ ಹಿಂದೆ ಮಾಯವಾಯಿತು. ಸುಮನಾ ಗಾಜಿಗೆ ಮುಖ ಹಚ್ಚಿ ಹುಡುಕಿದಳು. ಬೆರಳುದ್ದದ, ರಾಸ್ ಎಂಬ ಜಾತಿಯ ಸಮುದ್ರದ ಮೀನು. ಎಲ್ಲೋ ಹವಳದ ದಿಬ್ಬದಲ್ಲಿ ಹುಟ್ಟಿ ಗಾಂಧಿ ಬಜಾರಿನ ಉಪ್ಪುನೀರಿನ ತೊಟ್ಟಿಗೆ ಬಂದು ಬಿದ್ದಿತ್ತು. ಚೂಪು ಮೂತಿ, ಒಂದೊಂದು ಕಡೆ ಒಂದೊಂದು ತಿರುಗುವ ಕಣ್ಣು. ಹಗಲಿಡೀ ಎದೆಯ ಪಕ್ಕದ ರೆಕ್ಕೆ ಬಡಿಯುತ್ತ ಸುತ್ತುವುದು, ದೀಪ ಆರಿಸಿದರೆ ಕಲ್ಲಿನ ಸಂದಿಯಲ್ಲಿ ಲೋಳೆಯ ಮುಸುಕು ಹೊದ್ದು ಮಲಗುವುದು. ಕೂತಲ್ಲಿ ಕೂರುವ ಜಾತಿಯೇ ಅಲ್ಲ.

ಸುಮನಾ ಕೂಡ ಕೂರುತ್ತಿರಲಿಲ್ಲ, ಕೂರಲು ಜಾಗವಿರಲಿಲ್ಲ. ಲಿಂಗಾಯತರು ಮೀನು ಮಾರುವುದೇ ಎಂದು ಬಜಾರು ನಗುತ್ತಿದ್ದಾಗಲೇ ಅವಳ ಗಂಡ ವಿಜಯೇಂದ್ರ ಈ ಸಾಕುಮೀನಿನ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ದಿನಾ ಭದ್ರಾವತಿಯಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಬಂದು ಅವಳೇ ನಡೆಸುತ್ತಿದ್ದಳು. ಗಲ್ಲಾದ ಕುರ್ಚಿ ಮಾತ್ರ ಖಾಲಿ. ಅಲ್ಲಿ ಹೆಂಗಸು ಕೂತರೆ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಮಾವ ಓಂಕಾರಪ್ಪ ಹೇಳಿದ್ದರು. ಲಕ್ಷ್ಮಿ ಹೆಂಗಸಲ್ಲವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಇವತ್ತು ಮೈದುನ ನಿಶಾಂತ್ ಅಳತೆ ತೆಗೆಯಲು ಬರುವವನಿದ್ದ. ತೊಟ್ಟಿಗಳನ್ನೆಲ್ಲ ಕಿತ್ತು ಮೊಬೈಲ್ ಅಂಗಡಿ ಇಡುವುದೆಂದು ಮನೆಯಲ್ಲಿ ಮಾತಾಗಿತ್ತು, ಅವಳನ್ನು ಕೇಳಿರಲಿಲ್ಲ. ಅಂಗಡಿ ಹೋದರೆ ತನಗೆ ಉಳಿಯುವುದು ಅಡುಗೆಮನೆಯೊಂದೇ ಎಂದು ಅವಳಿಗೆ ಭಯವಾಗಿತ್ತು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಮಗನಿಗಾಗಿ ಕಾಯುತ್ತಿದ್ದ ಓಂಕಾರಪ್ಪ ಬೇಸರ ಕಳೆಯಲು ಎದ್ದು ಬಂದು ತೊಟ್ಟಿಯತ್ತ ಬಗ್ಗಿದರು. "ಗಂಡು ಮೀನು ಆಚೆ ಹಾರಿ ಸತ್ತೋಯ್ತು ಅಂದಿದ್ಯಲ್ಲ. ಹೊಸದು ಯಾವಾಗ ತರಿಸ್ದೆ?"

"ತರಿಸಿಲ್ಲ ಮಾವ. ಉಳಿದ ಎರಡು ಹೆಣ್ಣಲ್ಲಿ ದೊಡ್ಡದು ಇದು."

ಗಂಡಿಲ್ಲದ ಗುಂಪಿನಲ್ಲಿ ದೊಡ್ಡ ಹೆಣ್ಣೇ ಗಂಡಾಗಿಬಿಡುತ್ತದೆ ಎಂದು ವಿವರಿಸಿದಳು. ಮೊದಲು ಬದಲಾಗಿದ್ದು ಗುಣ, ಜೊತೆಯದನ್ನು ಅಟ್ಟಿಸಿಕೊಂಡು ಹೋಗತೊಡಗಿತು. ಆಮೇಲೆ ಮಾಸಲು ಗುಲಾಬಿ ಮೈ ಕುಂಕುಮದ ಕೆಂಪಿಗೆ ತಿರುಗಿತು. ಈ ವಾರ ಕೆನ್ನೆಯ ಮೇಲೆ ನೀಲಿ ಗೆರೆ. ಓಂಕಾರಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು.

"ನೀನೂ ಹಂಗೇ ಆಗ್ಬೇಕು ಅಂತಿದೀಯೇನಮ್ಮ?"

"ನಾನ್ಯಾಕೆ ಗಂಡಾಗ್ಲಿ ಮಾವ. ಕೂರೋಕೆ ಒಂದು ಜಾಗ ಕೊಡಿ, ಸಾಕು."

ಹೇಳಿದವಳೇ ಬಲೆ ತೆಗೆದುಕೊಂಡು ತೊಳೆದದ್ದನ್ನೇ ಮತ್ತೆ ತೊಳೆದಳು.

ಅಷ್ಟರಲ್ಲಿ ನಿಶಾಂತ್ ಬಂದ. ಕೈಯಲ್ಲಿ ಟೇಪು. ಬಿಸಿಲನ್ನು ಬೈದುಕೊಳ್ಳುತ್ತ ನೇರ ಗಲ್ಲಾದ ಕಡೆ ನಡೆದ. ಓಂಕಾರಪ್ಪ ಅವನಿಗಿಂತ ಮೊದಲು ಅಲ್ಲಿಗೆ ಹೋಗಿ, ಹೆಗಲಿನ ಟವೆಲ್ ತೆಗೆದು ಕುರ್ಚಿಯ ಧೂಳು ಹೊಡೆದರು.

"ನಿಲ್ಲಪ್ಪ," ಎಂದರು ಮಗನಿಗೆ. "ನಿಮ್ಮತ್ತಿಗೆ ಕೂರ್ತಾಳೆ."

ವಿಜಯೇಂದ್ರ ಎತ್ತರದ ಆಳು, ಕುರ್ಚಿಯೂ ಅವನ ಅಳತೆಯದೇ. ಹತ್ತಿ ಕೂತ ಸುಮನಾಳ ಪಾದಗಳು ನೆಲಕ್ಕೆ ಎಟುಕದೆ ತೂಗಾಡಿದವು. ಟೇಪು ಹಿಡಿದ ನಿಶಾಂತ್ ನಿಂತೇ ಇದ್ದ. ಓಂಕಾರಪ್ಪ ಮೂಲೆಯಲ್ಲಿ ಖಾಲಿ ಬಿದ್ದಿದ್ದ ಉಪ್ಪಿನ ಬಕೆಟ್ಟನ್ನು ಮಗುಚಿ, ಕಾಲಿನಿಂದಲೇ ಅವಳ ಪಾದದಡಿಗೆ ತಳ್ಳಿದರು.