ಪಾರ್ವತೆವ್ವನ ಕೈಮೇಲಿನ ಚೇಳು

ಒಸಾಕಾದ ಆ ಹೋಟೆಲಿನ ಕೋಣೆ ಎಷ್ಟು ಚಿಕ್ಕದಿತ್ತೆಂದರೆ, ಒಬ್ಬರು ಸೂಟ್‌ಕೇಸ್ ಬಿಚ್ಚಬೇಕಾದರೆ ಇನ್ನೊಬ್ಬರು ಮಂಚ ಹತ್ತಿ ಕೂರಬೇಕಿತ್ತು. ವಸುಧಾ ಮಂಚ ಹತ್ತಿ ಕೂತಳು. ಎದುರಿನ ಮಂಚದಲ್ಲಿ ಅತ್ತೆ ಪಾರ್ವತೆವ್ವ ಇಳಕಲ್ ಸೀರೆಯ ಸೆರಗು ಹೊದ್ದು ಕೂತಿದ್ದರು. ಇಬ್ಬರ ಮೊಣಕಾಲುಗಳ ನಡುವೆ ಒಂದು ಗೇಣು ಜಾಗ.

ಗಂಡ ವಿಶ್ವನಾಥ ಸ್ಟ್ರೀಟ್ಸ್‌ವಿಲ್‌ನ ಮನೆಯಲ್ಲಿ ಮೂರು ವಾರ ಲ್ಯಾಪ್‌ಟಾಪಿನ ಮುಂದೆ ಕೂತು, ಮಗಳ ಶಾಲೆಯ ಮಾರ್ಚ್ ರಜೆಗೆಂದು ಹುಡುಕಿ ಹಿಡಿದ ಅಗ್ಗದ ಹೋಟೆಲು ಅದು. "ಸ್ಟೇಷನ್ನಿಗೆ ಎರಡ ನಿಮಿಷ. ಮ್ಯಾಲಿನ ಫ್ಲೋರಿನ್ಯಾಗ ಬಿಸಿನೀರಿನ ಹೊಂಡ ಬ್ಯಾರೆ!" ಎಂದು ಕುಣಿದಾಡಿದ್ದ. ಎರಡು ಕೋಣೆ ಸಿಕ್ಕಿದ್ದವು. ಎಂಟು ವರ್ಷದ ಈಶಾ "ಐಯಾಮ್ ವಿತ್ ಅಪ್ಪ!" ಎಂದು ಮೊದಲೇ ಓಡಿಬಿಟ್ಟಳು. ಉಳಿದದ್ದು ಅತ್ತೆ, ಸೊಸೆ.

ಗದಗಿನಿಂದ ಅತ್ತೆ ಪರದೇಶದ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಜಗಳ ಇರಲಿಲ್ಲ, ಮಾತೂ ಇರಲಿಲ್ಲ. ವಸುಧಾ ಬೆಳಿಗ್ಗೆ ಮೆಡೋವೇಲಿನ ಆಫೀಸಿಗೆ ಹೊರಡುವಾಗ "ಬರ್ತೀನಿ ಅತ್ತೆ", ಸಂಜೆ ಬಂದಾಗ "ಊಟ ಆಯ್ತಾ ಅತ್ತೆ." ಅತ್ತೆಯ ಕಡೆಯಿಂದ ಎರಡಕ್ಕೂ ಒಂದೇ "ಹೂಂನವಾ." ಈಗ ಈ ಬೆಂಕಿಪೊಟ್ಟಣದಲ್ಲಿ ನಾಲ್ಕು ದಿನ ಏನು ಮಾತಾಡುವುದು?

ಪಾರ್ವತೆವ್ವ ಎದ್ದು ಬಚ್ಚಲಿನ ಬಾಗಿಲು ತೆಗೆದು ನೋಡಿದರು. "ಇದನ್ನೇನ ವಿಮಾನದಾಗಿಂದ ಕಿತ್ತ ತಂದ ಇಟ್ಟಾರೇನ? ಮೈ ತಿಕ್ಕೊಂಡ್ರ ಮೊಣಕೈ ಗ್ವಾಡಿಗೆ ಬಡೀತೈತಿ. ನಾ ಒಲ್ಲೆ. ಮ್ಯಾಲಿನ ಹೊಂಡಕ್ಕ ನಡಿ."

ಹೋಟೆಲಿನವರ ಚೀಟಿಯನ್ನು ವಸುಧಾ ಓದಿದ್ದಳು.

"ಅತ್ತೆ, ಅಲ್ಲಿ... ಮೈಮೇಲೆ ಬಟ್ಟೆ ಇರೋ ಹಾಗಿಲ್ವಂತೆ. ಒಂದೂ."

"ಹೆಣ್ಮಕ್ಕಳಷ್ಟ ಇರ್ತಾರ ಹೌದಿಲ್ಲೊ?"

"ಹೌದು."

"ಮತ್ತ? ಜಳಕಕ್ಕ ಸ್ವೆಟರ್ ಹಾಕ್ಕೊಂಡ ಹೋಗೂದೇನ?"

ಈಶಾಳನ್ನೂ ಕರೆದುಕೊಂಡು ಲಿಫ್ಟು ಹತ್ತಿದರು. ಸ್ನಾನದ ಮನೆಯ ಬಾಗಿಲಲ್ಲಿ ನಿಯಮಗಳ ಚಿತ್ರಪಟ. ಕೊನೆಯ ಚಿತ್ರದಲ್ಲಿ ಹಚ್ಚೆ ಹಾಕಿದ ಒಂದು ತೋಳು, ಅದರ ಮೇಲೆ ಕೆಂಪು ಗೀಟು. ಈಶಾ ಕೂಗಿಕೊಂಡಳು: "ಅಜ್ಜಿ, ಯು ಕಾಂಟ್ ಗೋ ಇನ್! ನೋ ಟ್ಯಾಟೂಸ್!"

ಪಾರ್ವತೆವ್ವನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ. ತೊಟ್ಟಿಲು, ಚುಕ್ಕಿಯ ಸಾಲು, ಮೇಲೊಂದು ಚೇಳು.

ಕೆಳಗಿನ ಕೌಂಟರಿಗೆ ವಿಶ್ವನಾಥನನ್ನೂ ಕರೆಸಿದರು. ಅಲ್ಲಿದ್ದ ತರುಣಿ ಅತ್ತೆಯ ಕೈ ನೋಡಿದಳು, ಸೊಂಟದವರೆಗೆ ಬಾಗಿದಳು, ಫೋನಿನಲ್ಲಿ ಏನೋ ಹೇಳಿ ಅನುವಾದದ ಗುಂಡಿ ಒತ್ತಿದಳು. ಫೋನು ಗಂಭೀರವಾಗಿ ಇಂಗ್ಲಿಷಿನಲ್ಲಿ ಕೇಳಿತು: ಪೂಜ್ಯ ಅಜ್ಜಿಯವರು ಯಾವುದಾದರೂ ಸಂಘಟನೆಯ ಸದಸ್ಯರೇ?

ವಿಶ್ವನಾಥ ಹೆಮ್ಮೆಯಿಂದ ಎದೆಯುಬ್ಬಿಸಿದ. "ಯೆಸ್, ಯೆಸ್! ಕನ್ನಡ ಸಂಘ. ಲೈಫ್ ಮೆಂಬರ್!"

ಫೋನು ಅದನ್ನೂ ಜಪಾನಿ ಭಾಷೆಗೆ ತಿರುಗಿಸಿತು. ತರುಣಿಯ ಮುಖ ಬಿಳಿಚಿತು.

"ಅಪ್ಪ, ನೋ!" ಈಶಾ ಅವನ ಅಂಗಿ ಜಗ್ಗಿದಳು. "ಇಲ್ಲಿ ಟ್ಯಾಟೂ ಅಂದ್ರೆ ಗ್ಯಾಂಗ್‌ಸ್ಟರ್ಸ್! ಶೀ ಥಿಂಕ್ಸ್ ಅಜ್ಜಿ ಈಸ್ ಎ ಗ್ಯಾಂಗ್‌ಸ್ಟರ್!"

"ಏನಂತಾಳ ಹುಡುಗಿ?" ಎಂದರು ಪಾರ್ವತೆವ್ವ.

ವಸುಧಾ ಅಳುಕುತ್ತಲೇ ಹೇಳಿದಳು: "ನಿಮ್ಮನ್ನ ಗೂಂಡಾ ಅನ್ಕೊಂಡಿದಾರೆ ಅತ್ತೆ."

ಅತ್ತೆಯ ಮುಖ ಅರಳಿದ ರೀತಿ ವಸುಧಾ ಎರಡು ವರ್ಷದಲ್ಲಿ ಕಂಡಿರಲಿಲ್ಲ. "ನಾ? ಗೂಂಡಾ?" ಸೆರಗು ಸೊಂಟಕ್ಕೆ ಸಿಕ್ಕಿಸಿ, ಭುಜ ಅಗಲಿಸಿ, ಕೌಂಟರಿನ ಮುಂದೆ ನಾಲ್ಕು ಹೆಜ್ಜೆ ಹಾಕಿಯೇಬಿಟ್ಟರು. ತರುಣಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಹೆದರಿಕೆ ಹೋಯಿತು. ಹಚ್ಚೆ ಮುಚ್ಚಲು ಮೈಬಣ್ಣದ ಅಂಟುಪಟ್ಟಿಗಳನ್ನು ತಂದುಕೊಟ್ಟಳು. ಮೈಬಣ್ಣವೆಂದರೆ ಅವಳ ಮೈಬಣ್ಣ. ಅತ್ತೆಯ ಕಪ್ಪು ತೋಳಿನ ಮೇಲೆ ಅವು ಹೊಸದಾಗಿ ಸುಣ್ಣ ಬಳಿದ ತೇಪೆಗಳಂತೆ ಕಂಡವು.

ಒಳಗೆ ವಸುಧಾ ಅಂಗೈಯಗಲದ ಟವೆಲನ್ನು ಎಲ್ಲಿಗೆ ಹಿಡಿಯುವುದೆಂದು ತಿಳಿಯದೆ, ಚಾವಣಿ ನೋಡುತ್ತ ನಡೆದಳು. ಪಾರ್ವತೆವ್ವ ಮಾತ್ರ ತೌರುಮನೆಯ ಹಿತ್ತಿಲಿಗೆ ಹೊರಟವರಂತೆ ಮುಂದೆ ಸಾಗಿದರು. "ಏ ವಸುಧಾ, ನೋಡಿಲ್ಲಿ! ಕೂಡಾಕ ಮಣಿ, ಬಕೀಟು, ತಂಬಿಗಿ. ಇವರೂ ನಮ್ಮಂಥವರ ಅದಾರವಾ!" ಎಂದು ಈಶಾಳ ಬೆನ್ನನ್ನು ಕೆಂಪಾಗುವವರೆಗೆ ತಿಕ್ಕಿದರು. "ಅಜ್ಜಿ, ಯು ಹ್ಯಾವ್ ಟು ಬಿ ಕ್ವಯಟ್ ಇನ್ ಹಿಯರ್," ಎಂದಳು ಮೊಮ್ಮಗಳು. ಕೇಳುವವರು ಯಾರು? ಹೊಂಡ ಖಾಲಿಯಿತ್ತು.

ಕುತ್ತಿಗೆಯವರೆಗೆ ಬಿಸಿನೀರು. ವಿಮಾನದಲ್ಲಿ ಹದಿಮೂರು ತಾಸು ಮಡಚಿಕೊಂಡಿದ್ದ ಕಾಲುಗಳನ್ನು ಚಾಚಿದಾಗ ವಸುಧಾಳ ಬಾಯಿಂದ ಅರಿಯದೆ "ಆಹಾ" ಹೊರಟಿತು. ಪಕ್ಕದಲ್ಲಿ ಅತ್ತೆಯೂ ಅದೇ ಸ್ವರದಲ್ಲಿ "ಆಹಾ" ಎಂದರು.

ಅಷ್ಟರಲ್ಲಿ ಒಂದು ತೇಪೆ ತೇಲುತ್ತ ಬಂದು ವಸುಧಾಳ ಗದ್ದಕ್ಕೆ ತಾಗಿತು. ಹಿಂದೆಯೇ ಇನ್ನೊಂದು. ಆಗಲೇ ಬಾಗಿಲು ಸರಿದು ಮೂವರು ಜಪಾನಿ ಹೆಂಗಸರು ಒಳಗೆ ಬಂದರು.

"ಅಮ್ಮಾ, ದಿ ಸ್ಕಾರ್ಪಿಯನ್!" ಎಂದು ಈಶಾ ಪಿಸುಗುಟ್ಟಿದಳು.

ವಸುಧಾ ಹಿಂದುಮುಂದು ನೋಡದೆ ಅತ್ತೆಯ ಮುಂಗೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದಳು. ಈಶಾ ಮೊಣಕೈಯನ್ನು ಅವುಚಿಕೊಂಡಳು. ಮೂವರೂ ಸಾಲಾಗಿ, ಕೊರಳು ಮಾತ್ರ ಕಾಣುವಂತೆ, ಬಂದವರಿಗೆ ತಲೆಬಾಗಿ ನಕ್ಕರು.

"ನೋವಾಯ್ತಾ ಅತ್ತೆ?"

"ಇಲ್ಲವಾ. ಇದನ್ನ ಹಾಕಿಸ್ಕೋವಾಗ ಆಗಿತ್ತ ನೋಡ," ಎಂದು ಪಾರ್ವತೆವ್ವ ತಗ್ಗಿದ ದನಿಯಲ್ಲಿ ಶುರುಮಾಡಿದರು. "ಒಂಬತ್ತ ವರ್ಷದಾಕಿ ಇದ್ದೆ. ನಮ್ಮವ್ವ ತೊಡಿಮ್ಯಾಲೆ ಕೆಡವಿ ಹಿಡಕೊಂಡಿದ್ಲು. ತೊಟ್ಟಿಲಾತು, ಚುಕ್ಕಿ ಆದವು, ತಡಕೊಂಡೆ. ಚೇಳಿನ ಕಾಲು ಮುಗಿದು ಕೊಂಡಿ ಬರೀಬೇಕು ಅನ್ನೂದ್ರಾಗ ಹಚ್ಚಿ ಹಾಕಾಕಿ ಕೈ ಕಡದ ಓಡಿಬಿಟ್ಟೆ. ಬಣವಿ ಹಿಂದ ಸಂಜಿತನಕಾ ಕುಂತಿದ್ದೆ. ಲಗ್ನದಾಗ ವಿಶ್ವನಾಥನ ಅಪ್ಪ ನೋಡಿ, ಕೊಂಡಿ ಇಲ್ಲದ ಚೇಳು, ಚಲೋ ಆತು, ಕಡಿಯೂದಿಲ್ಲ ಅಂದ್ರು."

"ಮಾವ ಹಾಗಂದ್ರಾ?"

"ಪಾಪ, ಗೊತ್ತಿರಲಿಲ್ಲ ಅವರಿಗೆ."

ವಸುಧಾಗೆ ನಗು ತಡೆಯಲಾಗಲಿಲ್ಲ. ಮೂಗಿಗೆ ನೀರು ಹೋಯಿತು. ಕೆಮ್ಮುತ್ತ ಕೈ ಬಿಟ್ಟಳು. ಹಚ್ಚೆ ಬಯಲಾಯಿತು.

ಬಂದ ಮೂವರಲ್ಲಿ ಹಿರಿಯಾಕೆ, ಎಂಬತ್ತರ ಮುದುಕಿ, ನೀರಿನಲ್ಲಿ ಮೆಲ್ಲಗೆ ಹತ್ತಿರ ಸರಿದಳು. ಮುದುಕಿ ಅತ್ತೆಯ ಕೈಯನ್ನು ಮುಖದ ಹತ್ತಿರ ತಂದು, ಕಣ್ಣು ಕಿರಿದಾಗಿಸಿ, ಚೇಳಿನ ಮೇಲೆ ಬೆರಳಿಟ್ಟಳು. "ಕಾನಿ?"

"ಏನಂದ್ಲು?"

ಶಾಲೆಯ ಜಪಾನಿ ಗೆಳತಿಯಿಂದ ಆ ಭಾಷೆಯಲ್ಲಿ ಪ್ರಾಣಿಗಳ ಹೆಸರು ಕಲಿತಿದ್ದ ಈಶಾ ನೀರು ಬಡಿದು ಕಿರುಚಿದಳು: "ಕ್ರ್ಯಾಬ್! ಅದು ಏಡಿನಾ ಅಂತ ಕೇಳ್ತಿದಾರೆ!"

"ಏಡಿ?" ಪಾರ್ವತೆವ್ವ ಸೊಂಟದವರೆಗೆ ಎದ್ದು ನಿಂತರು. "ಏ ಮುದುಕಿ, ಅರವತ್ತ ವರ್ಷದ ಚೇಳಿಗೆ ಏಡಿ ಅಂತೀಯೇನ!" ಮುದುಕಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಎರಡೂ ಕೈಗಳನ್ನು ಏಡಿಯ ಇಕ್ಕಳದಂತೆ ಮಾಡಿ ಅಡ್ಡಡ್ಡ ಸರಿದು ತೋರಿಸಿದಳು. ಅತ್ತೆ ಸೆಟೆದು ನೋಡಿದರು, ನೋಡಿದರು, ಕೊನೆಗೆ ತಾವೂ ಕೈ ಎತ್ತಿ ಅಡ್ಡಡ್ಡ ಸರಿದರು. ಹೊಂಡದ ತುಂಬ ನಗು. ಯಾರು ಯಾವ ಭಾಷೆಯಲ್ಲಿ ನಗುತ್ತಿದ್ದಾರೆಂದೇ ತಿಳಿಯದಷ್ಟು. ವಸುಧಾ ಅತ್ತೆಯ ಹೆಗಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ನಡುನಡುವೆ "ಸಾಕು ಅತ್ತೆ, ಸಾಕು" ಎನ್ನುತ್ತಿದ್ದಳು. ಟವೆಲು ಎಲ್ಲಿ ಹೋಯಿತೋ ಅವಳಿಗೆ ನೆನಪೇ ಇರಲಿಲ್ಲ.

ಆರು ವಾರಿ ಸೀರೆ ಮತ್ತೆ ಸುತ್ತಿಕೊಳ್ಳುವ ತಾಳ್ಮೆ ಪಾರ್ವತೆವ್ವಗೆ ಉಳಿದಿರಲಿಲ್ಲ. ಹೋಟೆಲಿನವರ ನೀಲಿ ಹತ್ತಿಯ ನಿಲುವಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಹೊರಬಂದರು. ಪಡಸಾಲೆಯಲ್ಲಿ ಒಂದೂವರೆ ತಾಸಿನಿಂದ ಕಾಯುತ್ತಿದ್ದ ವಿಶ್ವನಾಥ, ಎದುರಿಗೆ ಬಂದ ಹಿರಿಯ ಹೆಂಗಸಿಗೆ ಗೋಡೆಗಂಟಿ ದಾರಿಬಿಟ್ಟು, ಜಪಾನಿನವರೆಂದೇ ತಿಳಿದು ತಲೆಬಾಗಿ, ಧನ್ಯವಾದ ಹೇಳುವಂತೆ "ಅರಿಗಾತೋ" ಎಂದ.

"ನೂರ ವರ್ಷ ಬಾಳಪಾ," ಎಂದು ಅವ್ವ ಆಶೀರ್ವದಿಸಿದರು.

ಅವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಅವ್ವಾ?! ಏನಾತು ನಿಮಗ? ಯಾಕ ಎಲ್ಲಾರೂ ಹಿಂಗ ನಗಾಕತ್ತೀರಿ?"

ಯಾರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ವಸುಧಾ ಗೋಡೆ ಹಿಡಿದು ನೆಲಕ್ಕೆ ಕುಸಿದಿದ್ದಳು. ಈಶಾ ಅಡ್ಡಡ್ಡ ನಡೆಯುತ್ತಿದ್ದಳು.

"ನಾಳೆ ಮುಂಜಾನೆ ಕ್ಯೋಟೋ ಟ್ರೈನ್ ಐತಿ, ಲಗೂನ ಮಲಗ್ರಿ," ಎಂದ ವಿಶ್ವನಾಥ, ಇದ್ದುದರಲ್ಲಿ ಗಟ್ಟಿ ದನಿಯಲ್ಲಿ.

"ಮಧ್ಯಾಹ್ನದ ಟ್ರೈನ್‌ಗೆ ಚೇಂಜ್ ಮಾಡಿ ರೀ," ಎಂದಳು ವಸುಧಾ ನೆಲದಿಂದಲೇ, ಕಣ್ಣೊರೆಸಿಕೊಳ್ಳುತ್ತ. "ಬೆಳಿಗ್ಗೆ ನಾವು ಬಿಜಿ ಇದೀವಿ. ಅಲ್ವಾ ಅತ್ತೆ?"

ಪಾರ್ವತೆವ್ವ ಬಗ್ಗಿ ಸೊಸೆಯ ಕೈ ಹಿಡಿದು ಎಬ್ಬಿಸಿದರು. "ಏಳ ಏಳ. ಬೆನ್ನ ತಿಕ್ಕೂದು ಬಿಟ್ಟ ಹೋಗೇತಿ ನಿಂದು."