ಇಬ್ಬರು ಕೂತು ಆಡುವ ಆಟ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿಯಾಗಿದ್ದವಳು ಕೋರ್ಟಿನಲ್ಲಿ ಹೇಳಿದ್ದು ಸುಳ್ಳೇನಲ್ಲ. ಆದರೆ ಆ ದಿನ ಭಾವನ ಅಂಗಡಿಯಲ್ಲಿ ನಾನು ಕೂಗಾಡಿದ್ದು ಕೋಪಕ್ಕಲ್ಲ, ಭಯಕ್ಕೆ. ಮಗಳಿಗೆ ಹನ್ನೊಂದು ವರ್ಷ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವಳು ನನ್ನ ಬಾಡಿಗೆ ಕೋಣೆಯಲ್ಲಿ ಇರುತ್ತಾಳೆ. ವಾರಕ್ಕೆ ನನಗೆ ಸಿಗುವುದು ಅಷ್ಟೇ. ಮೂರು ತಿಂಗಳಿಂದ ಆ ಎರಡು ಗಂಟೆಯೂ ಗಡಿಯಾರ ನೋಡುತ್ತ ಕೂತಿರುತ್ತಿದ್ದಳು. ಆ ತಿಂಗಳ ಕೊನೆಗೆ ಕೋರ್ಟಿನ ಕೌನ್ಸೆಲರ್ ಅವಳೊಬ್ಬಳನ್ನೇ ಕೂರಿಸಿಕೊಂಡು, ಅಪ್ಪನ ಹತ್ತಿರ ಇನ್ನು ಮುಂದೆಯೂ ಪ್ರತಿ ವಾರ ಹೋಗುತ್ತೀಯಾ ಎಂದು ಕೇಳುವವರಿದ್ದರು. ಅವಳು ಏನು ಹೇಳುತ್ತಾಳೋ ಅದೇ ಆಗುವುದು ಎಂದು ನನಗೆ ಮೊದಲೇ ತಿಳಿಸಿದ್ದರು.

ಭಾವ ಎಂದರೆ ಅಕ್ಕನ ಗಂಡ, ವಿಡಿಯೋ ಗೇಮ್ ಅಂಗಡಿಯವನು. ಎರಡು ಕಂಪನಿಗಳ ಮಶಿನ್ನು ಮೇಜಿನ ಮೇಲಿಟ್ಟು ನನಗೆ ಪಾಠ ಶುರುಮಾಡಿದ. ಒಂದು ಮನೆಮಂದಿಗೆಲ್ಲ ಒಗ್ಗುವ ಮಶಿನ್ನಂತೆ. ಆ ಕಂಪನಿ ತಾನೇ ಮಾಡುವ ಆಟಗಳು ಅಪ್ಪಟ ಚಿನ್ನ, ಅಜ್ಜಿ ಮೊಮ್ಮಗು ಒಟ್ಟಿಗೆ ಕೂತು ಆಡಬಹುದು. ಆದರೆ ಬೇರೆ ಕಂಪನಿಯವರು ಅದರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬಂದರೂ ಎರಡು ವರ್ಷ ತಡವಾಗಿ, ಅರ್ಧಂಬರ್ಧ ಮಾಡಿಕೊಂಡು ಬರುತ್ತಾರೆ. ಇನ್ನೊಂದು ಮಶಿನ್ನಿಗೆ ಎಲ್ಲ ಕಂಪನಿಗಳ ಆಟವೂ ಬರುತ್ತದೆ. ಮಗಳ ಗೆಳತಿಯರೆಲ್ಲ ಊರು ಕಟ್ಟುವ ಆಟವೊಂದನ್ನು ಆಡುತ್ತಾರಲ್ಲ, ಅದೂ ಅದರಲ್ಲೇ ಸಿಗುವುದು ಎಂದ.

ಅದರಲ್ಲಿ ಒಬ್ಬರು ಆಡಬೇಕು, ಮಿಕ್ಕವರು ಬಾಯಿ ಬಿಟ್ಟುಕೊಂಡು ನೋಡಬೇಕು, ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೆಳತಿಯರ ಜೊತೆ ಹರಟಿದರೆ ನಾನೇನು ಗೋಡೆಗೆ ಸುಣ್ಣ ಬಳಿಯಲಾ ಎಂದು ಕೇಳಿದೆ. ನನಗೆ ನೂರು ಆಟ ಬೇಡ, ಇಬ್ಬರು ಪಕ್ಕಪಕ್ಕ ಕೂತು ಆಡುವಂಥದ್ದು ಒಂದು ಸಾಕು ಎಂದೆ. ಅಂಗಡಿಗೆ ಬಂದಿದ್ದವರೆಲ್ಲ ತಿರುಗಿ ನೋಡಿದರು. ಭಾವ ದನಿ ತಗ್ಗಿಸಿದ.

"ಇಷ್ಟೆಲ್ಲ ವಾದ ಮಾಡ್ತೀಯಲ್ಲ, ಮಗೂನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿದರೆ ಏನೂ ಬೇಡ ಎಂದುಬಿಟ್ಟಾಳು ಎಂಬ ಹೆದರಿಕೆ. ಮನೆಮಂದಿಯ ಮಶಿನ್ನನ್ನೇ, ಅದರಲ್ಲಿ ಇಬ್ಬರು ಆಡುವ ಒಂದು ಆಟದ ಜೊತೆ, ಕಂಕುಳಲ್ಲಿಟ್ಟುಕೊಂಡು ಬಂದೆ.

ನಾನು ಲಿಫ್ಟ್ ಮೆಕ್ಯಾನಿಕ್. ಹೊಸ ಲಿಫ್ಟನ್ನು ಜನರಿಗೆ ಬಿಟ್ಟುಕೊಡುವ ಮೊದಲು ಖಾಲಿ ಓಡಿಸಿ, ಪ್ರತಿ ಮಹಡಿಯಲ್ಲೂ ನಿಲ್ಲಿಸಿ, ಬಾಗಿಲು ತೆಗೆದು ಹಾಕಿ ನೋಡುತ್ತೇವೆ. ಇಪ್ಪತ್ತು ವರ್ಷ ಮಾಡಿದ ಕೆಲಸ ಕೈಯನ್ನು ಬಿಡುತ್ತದೆಯೇ? ಮಗಳ ಕೈಗೆ ಕೊಡುವ ಮೊದಲು ಒಮ್ಮೆ ಸರಿಯಾಗಿ ನೋಡಿಬಿಡೋಣ ಎಂದು ಕೆಲಸ ಮುಗಿಸಿ ಬಂದವನೇ ಆಡಲು ಕೂತೆ. ಐದು ಸಂಜೆಯಲ್ಲಿ ಇಡೀ ಆಟ ಮುಗಿಸಿದೆ. ಎಲ್ಲಿ ಹಳ್ಳವಿದೆ, ಯಾವ ಸೇತುವೆ ಕುಸಿಯುತ್ತದೆ, ಯಾವ ಬಾಗಿಲ ಹಿಂದೆ ರಾಕ್ಷಸ ಕೂತಿದ್ದಾನೆ ಎಲ್ಲವೂ ಬಾಯಿಪಾಠವಾಯಿತು. ಇನ್ನು ಮಗಳಿಗೆ ಯಾವ ಅಪಾಯವೂ ಇಲ್ಲ ಎಂದು ನೆಮ್ಮದಿಯಾಯಿತು.

ಶನಿವಾರ ಮಶಿನ್ ನೋಡಿದವಳ ಮುಖ ಅರಳಿತು. ತೆರೆಯ ಮೇಲೆ ಎಲ್ಲ ಹಂತಗಳೂ ಮುಗಿದಿದ್ದವು. ನೀನೇ ಆಡಿಬಿಟ್ಟೆಯಾ ಎಂದು ಕೇಳಿದಳು. ಹೂಂ, ಎಲ್ಲ ಚೆಕ್ ಮಾಡಿಟ್ಟಿದ್ದೇನೆ ಎಂದು ಎದೆ ಉಬ್ಬಿಸಿದೆ. ಪರವಾಗಿಲ್ಲ, ಹೊಸದಾಗಿ ಶುರುಮಾಡೋಣ ಎಂದು ಅವಳೇ ಮೊದಲಿನಿಂದ ಹಾಕಿದಳು. ನಾನು ನನ್ನ ಕಂಟ್ರೋಲರ್ ಮಡಿಲಲ್ಲೇ ಇಟ್ಟುಕೊಂಡು ಪಕ್ಕದಲ್ಲಿ ಕೂತು, ಈಗ ಹಾರು, ಎಡಕ್ಕೆ ಹೋಗಬೇಡ, ನಿಲ್ಲು ನಿಲ್ಲು ಎನ್ನುತ್ತ ಹೋದೆ. ಎರಡು ಗಂಟೆಯಲ್ಲಿ ಅವಳು ಒಂದು ಸಲವೂ ಬೀಳಲಿಲ್ಲ. ನಾನು ಹಿರಿಹಿರಿ ಹಿಗ್ಗಿದೆ.

ಮುಂದಿನ ಶನಿವಾರ, ಗೆಳತಿಯರ ಊರು ಕಟ್ಟುವ ಆಟ ಇದರಲ್ಲಿ ಬರುವುದಿಲ್ಲವಾ ಎಂದು ಕೇಳಿದಳು. ಭಾವ ಹೇಳಿದ್ದನ್ನೆಲ್ಲ ನನ್ನದೇ ಮಾತೆಂಬಂತೆ ಒಪ್ಪಿಸಿದೆ. ಬೇರೆ ಕಂಪನಿಯವರು ಬರದಿದ್ದರೆ ಬಿಡಲಿ, ಇವರ ಸ್ವಂತ ಆಟಗಳ ಮುಂದೆ ಅವೆಲ್ಲ ಯಾವ ಲೆಕ್ಕ ಎಂದೆ. ಆ ಇನ್ನೊಂದು ಮಶಿನ್ನಿನಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ನೋಡುತ್ತಾರೆ ಅಷ್ಟೇ ಎಂದೂ ಸೇರಿಸಿದೆ.

"ಇದರಲ್ಲಿ ಮಾತ್ರ ಇನ್ನೇನು?" ಎಂದಳು. "ಎಲ್ಲಿ ಏನಿದೆ ಅಂತ ನಿಂಗೆ ಗೊತ್ತು. ನೀನು ಹೇಳ್ತೀಯ, ನಾನು ಒತ್ತುತೀನಿ. ಆಡ್ತಾ ಇರೋದು ನೀನೇ ಅಪ್ಪಾ."

ಬೀಳದೇ ಇದ್ದರೆ ಒಳ್ಳೆಯದಲ್ಲವೇನೇ ಎಂದು ಕೇಳಿದೆ. ಅವಳು ಮತ್ತೆ ಗಡಿಯಾರ ನೋಡಿದಳು.

ತಿಂಗಳ ಕೊನೆಯ ಶನಿವಾರ ತುಟಿ ಪಿಟಕ್ಕೆನ್ನಬಾರದು ಎಂದು ಆಣೆ ಮಾಡಿಕೊಂಡು ಕೂತೆ. ಮುಕ್ಕಾಲು ಗಂಟೆ ಹಾಗೇ ಇದ್ದೆ. ಅವಳು ಎರಡು ಸಲ ಬಿದ್ದಳು, ನಕ್ಕಳು, ಮತ್ತೆ ಎದ್ದಳು. ಮೂರನೆಯ ಸಲ ಕುಸಿಯುವ ಸೇತುವೆಯ ಕಡೆ ಓಡಿದಳು. ಅದರಡಿಯ ಹಳ್ಳ ಬರೀ ಚಿತ್ರ ಎಂದು ನನಗೂ ಗೊತ್ತು. ಆದರೂ ಕೈ ತಾನಾಗಿ ಮುಂದೆ ಹೋಗಿ ಅವಳ ಮಣಿಕಟ್ಟು ಹಿಡಿದು ಎಳೆದುಬಿಟ್ಟಿತು. ಕಂಟ್ರೋಲರ್ ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಳು. ಆಗಿನ್ನೂ ಹನ್ನೊಂದು ಗಂಟೆ. ಮಿಕ್ಕ ಒಂದು ಗಂಟೆ ನಾನು ಪುಟ್ಟೀ, ಪುಟ್ಟೀ ಎನ್ನುತ್ತ ಅವಳೆದುರು ನೆಲದ ಮೇಲೆ ಕೂತಿದ್ದೆ.

ಸೋಮವಾರ ಕೌನ್ಸೆಲರ್ ಕೋಣೆಯಿಂದ ಹೊರಬಂದು ಕಾಗದ ಕೊಟ್ಟರು. ತಿಂಗಳಿಗೆ ಒಂದು ಶನಿವಾರ ಸಾಕು ಎಂದಿದ್ದಾಳಂತೆ. ಸಹಿ ಹಾಕಿದೆ. ಹಾಕದೆ ಏನು ಮಾಡಲಿ?

ವರಾಂಡದಲ್ಲಿ ಅವಳು ಅಮ್ಮನ ಪಕ್ಕ ನಿಂತಿದ್ದಳು. ಜನ ಇದ್ದಾರೆ ಎಂದು ನೋಡದೆ ಅವಳ ಮುಂದೆ ಮಂಡಿಯೂರಿದೆ. ಇದನ್ನು ವಾಪಸ್ ಕೊಟ್ಟು ಇನ್ನೊಂದು ಮಶಿನ್ ತರುತ್ತೇನೆ, ಅದಕ್ಕೆ ಎಲ್ಲ ಕಂಪನಿಗಳ ಆಟವೂ ಬರುತ್ತದೆ, ಗೆಳತಿಯರ ಜೊತೆಗೇ ಆಡಿಕೋ, ನಾನು ಮೂಲೆಯಲ್ಲಿ ಕೂತಿರುತ್ತೇನೆ ಎಂದು ಬೇಡಿಕೊಂಡೆ. ಅವಳು ನನ್ನ ಅಂಗಿಯ ಕಾಲರ್ ಸರಿಮಾಡಿದಳು.

"ಮಶಿನ್ ಇದೇ ಇರ್ಲಿ. ಬೇರೆ ಆಟ ತಂದಿಡು. ಆದ್ರೆ ನಾನು ಬರೋವರ್ಗೂ ಪ್ಯಾಕೆಟ್ ಒಡೀಬೇಡ."

ಹೂಂ ಎಂದೆ.

ಹೊಸ ಆಟವನ್ನು ಭಾವ ಮರುದಿನವೇ ಕೊಟ್ಟ. ಪ್ಲಾಸ್ಟಿಕ್ ಕಾಗದ ಸುತ್ತಿದ ಹಾಗೇ ಟಿವಿಯ ಪಕ್ಕ ಇಟ್ಟಿದ್ದೇನೆ. ಅವಳು ಬರಲು ಇನ್ನೂ ಹತ್ತೊಂಬತ್ತು ದಿನ ಇದೆ. ಮೊನ್ನೆ ಶನಿವಾರ ಕೋಣೆ ಗುಡಿಸಿ, ಹತ್ತರಿಂದ ಹನ್ನೆರಡರವರೆಗೆ ಅದರ ಮುಂದೆ ಕೂತಿದ್ದೆ. ಒಡೆಯಲಿಲ್ಲ.